ನಾಕು ಚಮಚ ನೀರು, ಒಂದು ಟಿಎಂಸಿ ಲೆಕ್ಕ

ಜೂನ್ ಕೊನೆ ವಾರ ಬಂತಂದ್ರ ನಮ್ಮ ಗಂಗಾವತಿ ಕಡೆ ಯಾರ ಮೊಬೈಲ್ ನೋಡಿದ್ರೂ ಒಂದೇ ಮೆಸೇಜು. ಟಿಬಿ ಡ್ಯಾಮ್ (ನಮ್ಮ ತುಂಗಭದ್ರಾ ಡ್ಯಾಮು) ಇವತ್ತಿನ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ), ಹೋದ ವರ್ಷ ಇದೇ ದಿನ ಇಷ್ಟಿತ್ತು. ಊರಾಗ ಒಂದು ಹನಿ ಮಳಿ ಇರಲ್ಲ, ಬಿಸಿಲು ಹಂಗ ಉರೀತಿರ್ತೈತಿ, ಆದ್ರೂ ಭತ್ತದ ಸಸಿಮಡಿ ಹಾಕಬೇಕೋ ಬ್ಯಾಡೋ ಅನ್ನೋದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಏನು ಬಿತ್ತು ಅನ್ನೋದರ ಮ್ಯಾಲೆ ನಿಂತಿರ್ತೈತಿ. ಕೊಪ್ಪಳಕ್ಕ ವರ್ಷಕ್ಕ 600 ಮಿ.ಮೀ ಆಸುಪಾಸು ಮಳಿ, ಆಗುಂಬೆಗೆ ಸರಾಸರಿ 7000 ದಾಟ್ತೈತಿ. ನಾವು ಉಣ್ಣೋದು ಆ ಮಳಿ.

ಒಂದು ಲೆಕ್ಕ ಮಾಡಿ ನೋಡ್ರಿ, ನಾನು ಮೊದಲ ಸಲ ಮಾಡಿದಾಗ ಎರಡು ಸಲ ತಿರುಗಿ ಗುಣಿಸಿದ್ದೆ. ನಮ್ಮ ಡ್ಯಾಮಿಗೆ ನೀರು ಹರಿದು ಬರೋ ಒಟ್ಟು ಪ್ರದೇಶ ಸುಮಾರು 28 ಸಾವಿರ ಚದರ ಕಿಲೋಮೀಟರ್. ಅಷ್ಟೂ ಕಡೆ ಬರೀ 1 ಮಿ.ಮೀ ಮಳಿ ಬಿತ್ತು ಅನ್ಕೊಳ್ರಿ, ಆ ನೀರೆಲ್ಲಾ ಕೂಡಿಸಿದ್ರ 2800 ಕೋಟಿ ಲೀಟರ್, ಅಂದ್ರ ಹತ್ತಿರ ಹತ್ತಿರ ಒಂದು ಟಿಎಂಸಿ, ನೂರು ಕೋಟಿ ಘನ ಅಡಿ! ಅದೆಲ್ಲಾ ಡ್ಯಾಮಿಗೆ ಬರಲ್ಲ ಬಿಡ್ರಿ, ನೆಲ ಕುಡೀತೈತಿ, ಗಿಡ ಕುಡೀತಾವ, ಕೆರಿ ತುಂಬ್ತಾವ, ಗಾಳಿಗೆ ಆರ್ತೈತಿ. ಆದ್ರ ಲೆಕ್ಕ ಶುರು ಆಗೋದು ಅಲ್ಲಿಂದನ.

ಆ 1 ಮಿ.ಮೀ ಅಳಿಯೋದು ಹೆಂಗ? ಮಳೆಮಾಪಕ ಅಂದ್ರ ಒಂದು ಕೊಳವಿಯಂಥ ಡಬ್ಬಿ, ಮ್ಯಾಲೆ ಆಲಿಕಿ, ಒಳಗ ನೀರು ಕೂಡೋ ಬಾಟ್ಲಿ. ಬಾಯಿ 200 ಚದರ ಸೆಂಟಿಮೀಟರ್ ಇದ್ರ 1 ಮಿ.ಮೀ ಮಳಿಗೆ ಒಳಗ ಬೀಳೋದು 20 ಮಿ.ಲೀ, ನಾಕು ಸಣ್ಣ ಚಮಚ. ದಿನಾ ಮುಂಜಾನೆ 8:30ಕ್ಕ, ದೇಶದ ತುಂಬ ಅದೇ ಹೊತ್ತಿಗೆ, ಆ ನೀರನ್ನ ಗೆರಿ ಇರೋ ಗಾಜಿನ ಅಳತಿಗೆ ಸುರುವಿ, ಕಣ್ಣಿನ ಸಮಕ್ಕ ಹಿಡಿದು, ನೀರು ನಡುವ ಬಗ್ಗಿರ್ತೈತಲ್ಲ ಆ ಕೆಳಗಿನ ಅಂಚು ಓದಬೇಕು. ಇವತ್ತಿನ ತಾರೀಖಿಗೆ ಬರಿಯೋದರಾಗ ನಿನ್ನಿ ಸಂಜಿ ಮಳಿನೂ ಬಂದಿರ್ತೈತಿ. 2.5 ಮಿ.ಮೀ ಬಿದ್ರ ಮಾತ್ರ ಅದು ಮಳಿ ದಿನ ಅಂತ ಲೆಕ್ಕ.

ನಾನು ಮನಿ ಮಾಳಗಿ ಮ್ಯಾಲೆ ಒಂದು ಡಬ್ಬಿ ಇಟ್ಟಿದ್ದೆ, ನೀರಿನ ಟ್ಯಾಂಕಿನ ಪಕ್ಕಕ್ಕ. ಒಂದು ಪುನರ್ವಸು ಮಳಿಗೆ ನನ್ನ ಡಬ್ಬಿ 14 ಮಿ.ಮೀ ತೋರಿಸ್ತು, ಓಣ್ಯಾಗ ನಮ್ಮ ಕಾಕಾ ಬಯಲಿನ್ಯಾಗ ಇಟ್ಟ ಡಬ್ಬಿ 22. ಎರಡೂ ಒಂದೇ ಅಂಗಡಿ ಡಬ್ಬಿ. ತಪ್ಪು ಜಾಗದ್ದು, ಟ್ಯಾಂಕು ಒಂದು ಕಡೆ ಮಳಿ ತಡೀತಿತ್ತು, ಮಾಳಗಿ ಮ್ಯಾಲಿನ ಗಾಳಿ ಹನಿಗಳನ್ನ ಬಾಯಿ ದಾಟಿಸಿ ಒಯ್ತಿತ್ತು. ಅದಕ್ಕ ಮಾಪಕನ ನೆಲದ ಸಮೀಪ ಬಯಲಿನ್ಯಾಗ ಇಡಬೇಕು, ಹತ್ತಿರದ ಗಿಡ ಗ್ವಾಡಿ ಎಷ್ಟು ಎತ್ತರ ಅದಾವೋ ಕಡಿಮಿ ಅಂದ್ರೂ ಅದರ ಎರಡು ಪಟ್ಟು ದೂರ ಇರಬೇಕು ಅಂತಾರ.

ಗಾಳಿ ಕಾಟ ಹಿಮಕ್ಕ ಇನ್ನೂ ಬಾಳ, ಹಗುರಾದ ಹಿಮ ಬಾಳಷ್ಟು ಡಬ್ಬಿಗೆ ಬೀಳೋದ ಇಲ್ಲ. ಹಿಮ ಬೀಳೋ ಬೆಟ್ಟದ ನೀರಿನ ಲೆಕ್ಕಕ್ಕ ಬ್ಯಾರೆ ದಾರಿ ಹುಡುಕಿದವರು ಅಮೆರಿಕದ ನೆವಾಡದಾಗ ಲ್ಯಾಟಿನ್ ಪಾಠ ಹೇಳ್ತಿದ್ದ ಜೇಮ್ಸ್ ಚರ್ಚ್ ಅನ್ನೋ ಪ್ರೊಫೆಸರ್, ನೂರು ವರ್ಷಕ್ಕೂ ಹಿಂದ. ಆ ಕಡೆ ಟಾಹೋ ಸರೋವರದ ನೀರಿನ ಮಟ್ಟಕ್ಕ ದಂಡಿ ಮಂದಿಗೂ ಕೆಳಗ ನೀರು ಬಳಸೋರಿಗೂ ಜಗಳ, ನಮ್ಮ ಕಾಲುವಿ ಜಗಳ ಇದ್ದಂಗ. ಇವರು ಹಲ್ಲಿರೋ ಒಂದು ಉದ್ದ ಕೊಳವಿ ಮಾಡಿ ಹಿಮಕ್ಕ ಚುಚ್ಚಿ, ತಳದ ಮಣ್ಣು ಮುಟ್ಟಿಸಿ, ಎತ್ತಿ ತಕ್ಕಡಿಗೆ ಹಾಕಿದ್ರು. ಎಷ್ಟು ಎತ್ತರ ಐತಿ ಅಂತ ಅಲ್ಲ, ಎಷ್ಟು ತೂಕ ಐತಿ ಅಂತ ನೋಡಿದ್ರು, ಅದ ಅವರ ದೊಡ್ಡತನ. ಯಾಕಂದ್ರ ಹೊಸ ಹಿಮ ಹತ್ತು ಇಂಚು ಇದ್ರೂ ಕರಗಿದ್ರ ಒಂದು ಇಂಚು ನೀರು ಆಗಬಹುದು, ಚಳಿಗಾಲ ಕಳೆದು ಒತ್ತಾಗಿ ಕುಂತ ಹಳೆ ಹಿಮ ಅಷ್ಟ ಹತ್ತು ಇಂಚು ಇದ್ರ ಮೂರು ನಾಕು ಇಂಚು. ಈಗ ಅಲ್ಲಿ ನೆಲದ ಮ್ಯಾಲೆ ಹೆಪ್ಪುಗಟ್ಟದ ದ್ರವ ತುಂಬಿದ ದಿಂಬು ಹಾಸಿರ್ತಾರ, ಮ್ಯಾಲಿನ ಹಿಮದ ಭಾರ ಒತ್ತಿದಷ್ಟು ಲೆಕ್ಕ ತಾನ ಬರ್ತೈತಿ.

ಏಪ್ರಿಲ್ 1ರ ಹಿಮ ನೋಡಿ ಅವರು ಬೇಸಿಗಿ ನೀರು ಎಷ್ಟು ಅಂತ ಹೇಳ್ತಾರ. 2015ರ ಏಪ್ರಿಲ್ 1ಕ್ಕ ಕ್ಯಾಲಿಫೋರ್ನಿಯಾ ಗವರ್ನರ್ ಜೆರ್ರಿ ಬ್ರೌನ್ ಹಿಮ ಅಳಿಯೋ ಜಾಗದಾಗ ಒಣ ಹುಲ್ಲಿನ ಮ್ಯಾಲೆ ನಿಂತಿದ್ರು, ರಾಜ್ಯದ ಹಿಮ ವಾಡಿಕಿಯ 5% ಅಷ್ಟ. ಅದೇ ದಿನ ಊರುಗಳ ನೀರು 25% ಕಡಿಮಿ ಮಾಡ್ರಿ ಅಂತ ಆದೇಶ ಮಾಡಿದ್ರು.

ನಮಗ ಆ ಪುಣ್ಯ ಇಲ್ಲ. ಪಶ್ಚಿಮ ಘಟ್ಟ ನೀರು ಹಿಮ ಮಾಡಿ ಇಟ್ಕೊಂಡು ತಿಂಗಳಾನುಗಟ್ಟಲೆ ನಿಧಾನಕ್ಕ ಕೊಡಲ್ಲ, ಬಿದ್ದದ್ದು ಕೆಲವು ದಿನದಾಗ ಡ್ಯಾಮಿಗೆ ಬಂದ್ಬಿಡ್ತೈತಿ. ನಮ್ಮ ಹಿಮದ ರಾಶಿ ಅಂದ್ರ ಆ ಡ್ಯಾಮ, ಅದೂ ಕಟ್ಟಿದಾಗ 133 ಟಿಎಂಸಿ ಇದ್ದದ್ದು ಹೂಳು ತುಂಬಿ ಈಗ 105.788. ಹಂಗಾಗಿ ಮ್ಯಾಲಿನ ಮಳಿ ಲೆಕ್ಕ ಒಂದು ದಿನ ತಪ್ಪಿದ್ರೂ ಕೆಳಗ ಗೇಟು ಯಾವಾಗ ಎತ್ತಬೇಕು ಅನ್ನೋದು ಕಷ್ಟ ಆಗ್ತೈತಿ.

ಈಗ ಪಂಚಾಯ್ತಿಗೊಂದರಂಗ ತಾನ ಅಳಿಯೋ ಮಾಪಕ ಬಂದಾವ, ಕರ್ನಾಟಕದಾಗ ಆರು ಸಾವಿರದ ಮ್ಯಾಲೆ. ಒಳಗ ಒಂದು ಸಣ್ಣ ತಟ್ಟಿ ತುಂಬಿದಾಗೊಮ್ಮೆ ವಾಲಿ ಒಂದು ಎಣಿಕಿ ಕಳಸ್ತೈತಿ. ಬಾಳ ಚಲೋ ಕೆಲಸ. ಆದ್ರ ಆಲಿಕ್ಯಾಗ ಜೇಡ ಬಲಿ ಕಟ್ಟಿದ್ರ, ಹಕ್ಕಿ ಹಿಕ್ಕಿ ಕುಂತ್ರ ತಟ್ಟಿ ವಾಲಲ್ಲ, ಲೆಕ್ಕದಾಗ ಸೊನ್ನಿ ಬೀಳ್ತೈತಿ. ಮಳಿ ಬರಲಿಲ್ಲ ಅನ್ನೋ ಸೊನ್ನಿನೂ ಅಳಿಯಾಕ ಆಗಲಿಲ್ಲ ಅನ್ನೋ ಖಾಲಿ ಮನಿನೂ ಒಂದ ಅಲ್ಲ, ಕಾಗದದ ಮ್ಯಾಲೆ ಇವೆರಡೂ ಕೂಡಿಬಿಟ್ರ ಮುಂದ ಮೂವತ್ತು ವರ್ಷದ ಸರಾಸರಿ ತಗದಾಗ ಆ ಸುಳ್ಳು ಹಂಗ ಉಳೀತೈತಿ.

ನನ್ನ ಡಬ್ಬಿ ಈಗ ಹಿತ್ತಲದ ಬಯಲಿನ್ಯಾಗ ಐತಿ. ವಹಿಯೊಳಗ ಜಾಗ ಬದಲಿಸಿದ ತಾರೀಖು ಕೆಂಪು ಪೆನ್ನಿಲೆ ಬರೆದೀನಿ, ಅದಕ್ಕೂ ಹಿಂದಿನ ಅಂಕಿಗೆ ಗೆರಿ ಎಳೆದು ಪಕ್ಕಕ್ಕ "ಟ್ಯಾಂಕಿನ ಮರೆ" ಅಂತ ಬರೆದಿಟ್ಟೀನಿ.