ಮಿರ್: ಶಾಂತಿಯೂ ಅದೇ, ಲೋಕವೂ ಅದೇ

ಸೋವಿಯತ್ ಕಾಲದ ವಿಜ್ಞಾನ ಪುಸ್ತಕಗಳನ್ನು ಓದಿ ಬೆಳೆದವರಿಗೆ ‘ಮಿರ್ ಪಬ್ಲಿಷರ್ಸ್, ಮಾಸ್ಕೋ’ ಅನ್ನುವ ಸಾಲು ಚೆನ್ನಾಗಿ ನೆನಪಿರುತ್ತದೆ. ಗಟ್ಟಿ ರಟ್ಟು, ಕೈಗೆಟುಕುವ ಬೆಲೆ. ಬೆಂಗಳೂರಿನಲ್ಲಿ ನವಕರ್ನಾಟಕದ ಮಳಿಗೆಗೆ ಹೋದರೆ ಸಿಗುತ್ತಿದ್ದವು. ಇರೊಡೊವ್ ಅವರ ಭೌತಶಾಸ್ತ್ರದ ಲೆಕ್ಕಗಳನ್ನು ಬಿಡಿಸುತ್ತಾ ರಾತ್ರಿ ಕಳೆದವರು ಎಷ್ಟು ಜನ! ಆದರೆ ಆ ‘ಮಿರ್’ ಅಂದರೇನು ಅಂತ ಕೇಳಿದರೆ ಒಬ್ಬರು ಶಾಂತಿ ಅನ್ನುತ್ತಾರೆ, ಇನ್ನೊಬ್ಬರು ಜಗತ್ತು ಅನ್ನುತ್ತಾರೆ. ಇಬ್ಬರದೂ ಸರಿ. ರಷ್ಯನ್ ಭಾಷೆಯಲ್ಲಿ ಎರಡಕ್ಕೂ ಅದೇ ಪದ, ಅದೇ ಉಚ್ಚಾರಣೆ.

ಸೋವಿಯತ್ ಒಕ್ಕೂಟದಲ್ಲಿ ಗೋಡೆ ಗೋಡೆಯ ಮೇಲೂ ಕಾಣುತ್ತಿದ್ದ ಒಂದು ಘೋಷಣೆ ‘ಮಿರು ಮಿರ್’. ಎರಡೇ ಪದ. ಮೊದಲನೆಯದು ‘ಲೋಕಕ್ಕೆ’, ಎರಡನೆಯದು ‘ಶಾಂತಿ’. ಒಂದೇ ಪದವನ್ನು ಎರಡು ಸಲ ಹೇಳಿ ಇಡೀ ವಾಕ್ಯ ಮುಗಿಸಿಬಿಟ್ಟಿದ್ದಾರೆ. ಬೇರೆ ಭಾಷೆಗೆ ತಂದರೆ ಅರ್ಥ ಬರುತ್ತದೆ, ಆ ಚಂದ ಮಾತ್ರ ಬರುವುದಿಲ್ಲ.

ಶಾಂತಿಗೂ ಲೋಕಕ್ಕೂ ಒಂದೇ ಪದ ಹೇಗೆ ಬಂತು? ಉತ್ತರ ಹಳ್ಳಿಯಲ್ಲಿದೆ. ಮಿರ್‌ಗೆ ಮೂರನೆಯ ಅರ್ಥವೊಂದಿದೆ. ರಷ್ಯಾದ ರೈತರು ತಮ್ಮ ಊರಿನ ಒಕ್ಕೂಟವನ್ನು ಕರೆಯುತ್ತಿದ್ದದ್ದು ಮಿರ್ ಅಂತಲೇ. ನಮ್ಮಲ್ಲಿ ‘ಊರ ಹತ್ತು ಸಮಸ್ತರು’ ಅನ್ನುತ್ತೇವಲ್ಲ, ಹೆಚ್ಚು ಕಡಿಮೆ ಹಾಗೆ. ಜಮೀನು ಒಬ್ಬೊಬ್ಬರದಲ್ಲ, ಮಿರ್‌ನದು. ಕೆಲವು ವರ್ಷಕ್ಕೊಮ್ಮೆ ಮನೆ ಯಜಮಾನರೆಲ್ಲ ಸಭೆ ಸೇರಿ, ಯಾವ ಮನೆಯಲ್ಲಿ ಎಷ್ಟು ಜನ, ದುಡಿಯುವ ಕೈ ಎಷ್ಟು ಅಂತ ನೋಡಿ ಹೊಲದ ಪಟ್ಟಿಗಳನ್ನು ಮತ್ತೆ ಹಂಚುತ್ತಿದ್ದರು. ತೆರಿಗೆಯೂ ಒಟ್ಟಿಗೇ. ಒಬ್ಬ ಕಟ್ಟದಿದ್ದರೆ ಉಳಿದವರ ತಲೆಗೆ. 1861ರಲ್ಲಿ ಜೀತ ರದ್ದಾದ ಮೇಲೂ ರೈತರಿಗೆ ಬಂದ ಜಮೀನು ಹೆಚ್ಚಿನ ಕಡೆ ಮಿರ್‌ನ ಕೈಗೇ ಹೋಯಿತು. ಅದರಿಂದ ಹೊರಬಂದು ಸ್ವಂತ ಹೊಲ ಮಾಡಿಕೊಳ್ಳಲು ದಾರಿ ತೆರೆದದ್ದು 1906ರಲ್ಲಿ, ಪ್ರಧಾನಿ ಸ್ತೊಲಿಪಿನ್ ತಂದ ಸುಧಾರಣೆ.

ಈಗ ಹಿಂದಕ್ಕೆ ಹೋಗಿ ನೋಡಿ. ಹಲವು ಭಾಷಾತಜ್ಞರು ಮಿರ್ ಪದವನ್ನು ಮೃದು, ಪ್ರಿಯ ಅನ್ನುವ ಅರ್ಥದ ಒಂದು ಹಳೆಯ ಬೇರಿಗೆ ಜೋಡಿಸುತ್ತಾರೆ. ರಷ್ಯನ್ನಿನ ‘ಮೀಲಿ’, ಅಂದರೆ ಮುದ್ದಿನ, ಅದೇ ಕಡೆಯದು. ನಮ್ಮ ‘ಮಿತ್ರ’ನನ್ನೂ ಇದೇ ಬಳಗಕ್ಕೆ ಸೇರಿಸುತ್ತಾರೆ. ವೇದದ ಮಿತ್ರ ಬರೀ ಗೆಳೆಯ ಅಲ್ಲ, ಕೊಟ್ಟ ಮಾತು ಕಾಯುವ ದೇವರು. ಪಕ್ಕದ ಹಳೆಯ ಇರಾನಿನ ಅವೆಸ್ತಾ ಭಾಷೆಯಲ್ಲಂತೂ ‘ಮಿಥ್ರ’ ಅಂದರೆ ಒಪ್ಪಂದ ಅಂತಲೇ ಅರ್ಥ. ಮೊದಲು ಮನಸ್ಸು ಕೂಡಿತು, ಮಾತಾಯಿತು, ಅದು ಶಾಂತಿ. ಆ ಮಾತಿಗೆ ಕಟ್ಟುಬಿದ್ದು ಒಟ್ಟಿಗೆ ಬದುಕುವವರು ಊರು. ಊರಿಗೆ ತಿಳಿದಿದ್ದ ಜನವೆಲ್ಲ ಸೇರಿದರೆ ಲೋಕ. ನನಗೆ ಈ ವಿವರಣೆ ಬಹಳ ಹಿಡಿಸುತ್ತದೆ, ಯಾಕೆಂದರೆ ಗಾದೆಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ‘ಮಿರ್‌ನಿಂದ ಒಂದೊಂದು ಎಳೆ, ಬೆತ್ತಲೆಯವನಿಗೆ ಅಂಗಿ’ ಅಂತ ರಷ್ಯನ್ ಗಾದೆ. ಊರಿನವರು ತಲಾ ಒಂದು ನೂಲು ಕೊಟ್ಟರೆ ಸಾಕು, ಇಲ್ಲದವನಿಗೆ ಒಂದು ಬಟ್ಟೆ ಆಗುತ್ತದೆ. ಇಲ್ಲಿ ಮಿರ್ ಅಂದರೆ ಜನ. ನಾವೂ ‘ಲೋಕ ಏನನ್ನುತ್ತೆ’ ಅನ್ನುವಾಗ ಭೂಗೋಳದ ಬಗ್ಗೆ ಮಾತಾಡುವುದಿಲ್ಲ ಅಲ್ವಾ?

ಹಳೆಯ ರಷ್ಯನ್ ಬರವಣಿಗೆಯಲ್ಲಿ ಗೊಂದಲ ಕಡಿಮೆ ಇತ್ತು. ‘ಇ’ ಉಚ್ಚಾರಣೆಗೆ ಎರಡು ಅಕ್ಷರಗಳಿದ್ದವು. ಶಾಂತಿಯ ಮಿರ್‌ಗೆ ಒಂದು, ಲೋಕದ ಮಿರ್‌ಗೆ ಇನ್ನೊಂದು. ಬಾಯಲ್ಲಿ ವ್ಯತ್ಯಾಸ ಇಲ್ಲ, ಕಾಗದದ ಮೇಲೆ ಮಾತ್ರ. 1918ರ ಲಿಪಿ ಸುಧಾರಣೆಯಲ್ಲಿ ಒಂದು ಅಕ್ಷರ ಹೋಯಿತು, ಎರಡೂ ಒಂದಾದವು. ಇದರಿಂದಲೇ ಟಾಲ್‌ಸ್ಟಾಯ್ ಕಾದಂಬರಿಯ ಬಗ್ಗೆ ಒಂದು ಕತೆ ಹುಟ್ಟಿಕೊಂಡಿದೆ: ಅದು ‘ಯುದ್ಧ ಮತ್ತು ಶಾಂತಿ’ ಅಲ್ಲ, ‘ಯುದ್ಧ ಮತ್ತು ಲೋಕ’, ಅನುವಾದಕರೆಲ್ಲ ತಪ್ಪು ಮಾಡಿದ್ದಾರೆ ಅಂತ. ಕೇಳೋಕೆ ಚೆನ್ನಾಗಿದೆ, ನಿಜ ಅಲ್ಲ. ಟಾಲ್‌ಸ್ಟಾಯ್ ಬದುಕಿದ್ದಾಗ ಬಂದ ಮುದ್ರಣಗಳಲ್ಲಿ ಇದ್ದದ್ದು ಶಾಂತಿಯ ಅಕ್ಷರವೇ. ಅವರು ತೀರಿಹೋದ ಮೇಲೆ 1913ರ ಒಂದು ಮುದ್ರಣದಲ್ಲಿ ಒಂದು ಕಡೆ ಇನ್ನೊಂದು ಅಕ್ಷರ ಬಿದ್ದುಬಿಟ್ಟಿತು. ಒಂದು ಅಚ್ಚಿನ ತಪ್ಪು ನೂರು ವರ್ಷ ಓಡಾಡುತ್ತಿದೆ!

ರಷ್ಯನ್ನಿನ ಅಕ್ಕಪಕ್ಕದ ಭಾಷೆಗಳು ಈ ಗೊಂದಲವನ್ನು ಬೇರೆ ರೀತಿ ಬಿಡಿಸಿಕೊಂಡಿವೆ. ಉಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್, ಜೆಕ್ ಇಲ್ಲೆಲ್ಲ ಮಿರ್ ಅಂದರೆ ಮುಖ್ಯವಾಗಿ ಶಾಂತಿ. ಲೋಕಕ್ಕೆ ಬೇರೆ ಪದ ಇದೆ: ಸ್ವಿತ್, ಸ್ವೆತ್, ಹೀಗೆ ಒಂದೊಂದು ಕಡೆ ಒಂದೊಂದು ರೂಪ. ಅದರ ಮೂಲ ಅರ್ಥ ಬೆಳಕು, ನಮ್ಮ ‘ಶ್ವೇತ’ದ ದಾಯಾದಿ. ‘ಲೋಕ’ ಪದವನ್ನೂ ಬೆಳಕಿನ ಬೇರಿಗೇ ಸೇರಿಸುತ್ತಾರೆ, ಹಾಗಾಗಿ ಕಾಣುವುದೆಲ್ಲ ಲೋಕ ಅನ್ನುವ ಯೋಚನೆ ಎರಡೂ ಕಡೆ ಬೇರೆ ಬೇರೆಯಾಗಿ ಬಂದಂತಿದೆ. ಜೆಕ್ ಭಾಷೆಯಲ್ಲಿ ವಿಶ್ವಕ್ಕೆ ‘ವೆಸ್ಮೀರ್’ ಅನ್ನುತ್ತಾರೆ. ‘ಇಡೀ ಮಿರ್’ ಅಂತ ಅರ್ಥ, ರಷ್ಯನ್ನಿನಿಂದ ತಂದುಕೊಂಡದ್ದು. ಪೋಲಿಷ್‌ನವರು ಇನ್ನೂ ದೂರ ಹೋದರು. ಅಲ್ಲಿ ಮಿರ್ ಅಂದರೆ ಜನರ ನಡುವೆ ಸಿಗುವ ಗೌರವ. ಶಾಂತಿಗೆ ‘ಪೊಕೂಯ್’ ಅನ್ನುತ್ತಾರೆ, ಆ ಪದಕ್ಕೆ ಮನೆಯ ಕೋಣೆ ಅನ್ನುವ ಅರ್ಥವೂ ಇದೆ.

ಇನ್ನು ಎಲ್ಲರೂ ಕೇಳುವ ವ್ಲಾದಿಮಿರ್. ಲೋಕವನ್ನು ಆಳುವವನು, ಶಾಂತಿಯ ಒಡೆಯ ಅಂತೆಲ್ಲ ಅರ್ಥ ಕೊಡುತ್ತಾರೆ. ‘ವ್ಲಾದ್’ ಆಳುವುದು, ಅದು ಸರಿ. ಆದರೆ ಹಿಂದಿನ ‘ಮಿರ್’ ಮೊದಲು ಮಿರ್ ಆಗಿರಲಿಲ್ಲ. ಹಳೆಯ ಬರಹಗಳಲ್ಲಿ ಅದು ‘ಮೇರ್’, ದೊಡ್ಡವನು, ಹೆಸರಾದವನು ಎಂದರ್ಥ. ಜರ್ಮನ್ ಕಡೆಯ ವಾಲ್ಡೆಮಾರ್ ಹೆಸರಿನ ‘ಮಾರ್’ ಕೂಡ ಅದೇ. ಜನಕ್ಕೆ ಹಳೆಯ ಪದ ಮರೆತುಹೋಯಿತು, ಗೊತ್ತಿದ್ದ ಮಿರ್ ಅಲ್ಲಿ ಬಂದು ಕೂತಿತು. ಪುಟಿನ್‌ರ ವ್ಲಾದಿಮಿರ್, ಜೆಲೆನ್‌ಸ್ಕಿಯವರ ವೊಲೊದಿಮಿರ್ ಎರಡೂ ಈ ಒಂದೇ ಹೆಸರಿನ ಎರಡು ರೂಪ.

ಕಿವಿಗೆ ಒಂದೇ ಥರ ಕೇಳಿಸಿದ್ದಕ್ಕೆ ನೆಂಟಸ್ತನ ಕಟ್ಟಬಾರದು. ನಮ್ಮ ಕಡೆ ಕೇಳುವ ‘ಮೀರ್’ ಬೇರೆಯೇ. ಅರಬ್ಬಿಯ ಅಮೀರ್, ಅಂದರೆ ಅಪ್ಪಣೆ ಕೊಡುವವನು, ಪಾರ್ಸಿಯಲ್ಲಿ ಸವೆದು ಮೀರ್ ಆಯಿತು. ಟಿಪ್ಪುವಿನ ದರ್ಬಾರಿನ ಮೀರ್ ಸಾದಿಕ್, ಬೀದರ್, ಕಲಬುರಗಿ, ರಾಯಚೂರುಗಳನ್ನು ಆಳಿದ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ಇವರ ಹೆಸರಲ್ಲಿರುವುದು ಇದು. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ‘ಮಿರ್ಜಾ’ ಕೂಡ ಅಮೀರ್‌ಜಾದಾ, ಅಮೀರನ ಮಗ. ಜರ್ಮನ್ನಿನಲ್ಲಿ ‘ಮಿರ್’ ಅಂದರೆ ನನಗೆ. ರಷ್ಯನ್, ಪೋಲಿಷ್ ಮೊದಲಾದ ಭಾಷೆ ಆಡುವ ಸ್ಲಾವ್ ಜನರ ಪಕ್ಕದಲ್ಲೇ ಶತಮಾನಗಟ್ಟಲೆ ಬದುಕಿದ ಯೆಹೂದಿಗಳ ಯಿದ್ದಿಶ್ ಭಾಷೆಯಲ್ಲಿ ‘ಮಿರ್’ ಅಂದರೆ ನಾವು ಅಂತಲೂ ಆಗುತ್ತದೆ. ಯಾವುದೂ ರಷ್ಯನ್ ಮಿರ್‌ಗೆ ಸಂಬಂಧಿಯಲ್ಲ.

ರಷ್ಯನ್ನರು ಈ ಪದವನ್ನು ಏನೇನಕ್ಕೋ ಇಟ್ಟಿದ್ದಾರೆ. 1986ರ ಫೆಬ್ರವರಿಯಲ್ಲಿ ಹಾರಿಸಿ, 2001ರ ಮಾರ್ಚ್‌ನಲ್ಲಿ ದಕ್ಷಿಣ ಪೆಸಿಫಿಕ್ ಸಾಗರಕ್ಕೆ ಬೀಳಿಸಿದ ಬಾಹ್ಯಾಕಾಶ ನಿಲ್ದಾಣ ಮಿರ್. ಅವರ ಬ್ಯಾಂಕ್ ಕಾರ್ಡೂ ಮಿರ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ವಜ್ರದ ಗಣಿ. 1955ರ ಬೇಸಿಗೆಯಲ್ಲಿ ಸೈಬೀರಿಯಾದ ಯಾಕುತಿಯಾದಲ್ಲಿ ಹುಡುಕುತ್ತಿದ್ದ ಭೂವಿಜ್ಞಾನಿಗಳಿಗೆ ವಜ್ರ ಇರುವ ಕಲ್ಲು ಸಿಕ್ಕಿತು. ಇಂಥ ಕಲ್ಲು ನೆಲದೊಳಗೆ ಕೊಳವೆಯ ಆಕಾರದಲ್ಲಿ ನಿಂತಿರುತ್ತದೆ, ರಷ್ಯನ್ನಿನಲ್ಲಿ ಅದಕ್ಕೆ ‘ತ್ರುಬ್ಕಾ’. ಹೊಗೆ ಸೇದುವ ಚಿಲುಮೆಗೂ ಅದೇ ಪದ. ವಿಷಯ ಗುಟ್ಟಾಗಿರಬೇಕಿತ್ತು, ಹಾಗಾಗಿ ರೇಡಿಯೊದಲ್ಲಿ ಹೀಗೆ ಸುದ್ದಿ ಕಳಿಸಿದರು: ‘ಶಾಂತಿಯ ಚಿಲುಮೆ ಹಚ್ಚಿದ್ದೇವೆ, ತಂಬಾಕು ಬಹಳ ಚೆನ್ನಾಗಿದೆ.’ ಕೇಳಿಸಿಕೊಂಡವರಿಗೆ ಅರ್ಥವಾಯಿತು. ಗಣಿಗೆ ಮಿರ್ ಅಂತಲೇ ಹೆಸರಾಯಿತು. ಅಗೆದು ಅಗೆದು ಅದೀಗ ಐನೂರು ಮೀಟರಿಗಿಂತ ಆಳದ, ಒಂದು ಕಿಲೋಮೀಟರಿಗಿಂತ ಅಗಲದ ಗುಂಡಿ. ಅದರ ಅಂಚಿನಲ್ಲೇ ಬೆಳೆದ ಊರಿಗೆ ಮೀರ್ನಿ ಅಂತ ಹೆಸರು. ಶಾಂತವಾದದ್ದು ಅಂತ ಅರ್ಥ.