26 ವಾರವೆಂದರೆ ಎಷ್ಟು ದಿನದ ಕೂಲಿ? ಹೆರಿಗೆ ಸೌಲಭ್ಯ ಕಾಯ್ದೆಯ ಟಿಪ್ಪಣಿ

1961ರ ಹೆರಿಗೆ ಸೌಲಭ್ಯ ಕಾಯ್ದೆಯ ತಿದ್ದುಪಡಿ ಮಸೂದೆಗೆ ರಾಜ್ಯಸಭೆ 2016ರ ಆಗಸ್ಟ್‌ನಲ್ಲಿ, ಲೋಕಸಭೆ 2017ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದವು. 2017ರ ಏಪ್ರಿಲ್ 1ರಿಂದ ವೇತನಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಇದರಲ್ಲಿ ಹೆರಿಗೆಗೆ ಮುಂಚೆ ಪಡೆಯಬಹುದಾದದ್ದು ಹೆಚ್ಚೆಂದರೆ 8 ವಾರ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ತಾಯಿಗೆ ಹಳೆಯ 12 ವಾರವೇ ಉಳಿದಿದೆ. ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು.

ನಾನು ಎಡವಿದ್ದು ಹಣದ ಲೆಕ್ಕದಲ್ಲಿ. ರಜೆಯಲ್ಲಿದ್ದ ಅವಧಿಗೆ ‘ಸರಾಸರಿ ದಿನಗೂಲಿ’ಯ ದರದಲ್ಲಿ ಹಣ ಕೊಡಬೇಕೆಂದು 5ನೇ ಕಲಂ ಹೇಳುತ್ತಿತ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿರುವಂತೆ ದಿನಗೂಲಿಗೆ ದುಡಿಯುವ ಹೆಣ್ಣುಮಗಳಿಗೆ ಭಾನುವಾರ ಕೂಲಿಯಿಲ್ಲ ಎಂದಿಟ್ಟುಕೊಳ್ಳೋಣ. ನಾನು ಕ್ಯಾಲೆಂಡರಿನ ಕೆಂಪು ಅಂಕಿಗಳನ್ನೆಲ್ಲ ಪೆನ್ಸಿಲಿನಿಂದ ಹೊಡೆದುಹಾಕಿ, ವಾರಕ್ಕೆ 6 ದಿನದಂತೆ 156 ದಿನವೆಂದು ಬರೆದೆ. ದಿನಕ್ಕೆ 600 ರೂಪಾಯಿಯಂತೆ 93,600 ರೂಪಾಯಿ ಬಂತು. ಅದು ತಪ್ಪು.

ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೊರಟು ಸುಪ್ರೀಂ ಕೋರ್ಟ್ ತಲುಪಿದ ಬಿ. ಷಾ ಮೊಕದ್ದಮೆಯಲ್ಲಿ ಪ್ರಶ್ನೆ ಇದೇ ಆಗಿತ್ತು. ತೋಟದ ಮಾಲೀಕರು 12 ವಾರಕ್ಕೆ 72 ದಿನದ ಕೂಲಿ ಕೊಟ್ಟಿದ್ದರು. ವಾರವೆಂದರೆ ಭಾನುವಾರವೂ ಸೇರಿ ಏಳು ದಿನ, ಆದ್ದರಿಂದ 84 ದಿನದ ಹಣ ಸಲ್ಲಬೇಕು ಎಂದು 1977ರಲ್ಲಿ ತೀರ್ಪು ಬಂತು. ಸಂವಿಧಾನದ 42ನೇ ವಿಧಿಯ ಆಶಯದಂತೆ ತಾಯಿ ಹೊಟ್ಟೆಗೆ ಉಣ್ಣಬೇಕು, ಕಳೆದುಕೊಂಡ ಕಸುವನ್ನು ಮರಳಿ ಪಡೆಯಬೇಕು, ಮಗುವಿಗೆ ಹಾಲೂಡಬೇಕು. ಬಾಣಂತನಕ್ಕೆ ವಾರದ ರಜೆಯೆಂಬುದಿಲ್ಲ. ಹಾಗಾಗಿ 26 ವಾರಕ್ಕೆ 182 ದಿನ, 1,09,200 ರೂಪಾಯಿ. ಕೈತಪ್ಪುತ್ತಿದ್ದ 15,600 ರೂಪಾಯಿ ಬಾಣಂತಿಯ ಮನೆಗೆ ಸಣ್ಣ ಮೊತ್ತವಲ್ಲ.

182 ದಿನ ಎಂದು ತಿದ್ದಿಕೊಂಡ ಮೇಲೂ ನನ್ನ ಉತ್ತರ ಮತ್ತೆ 93,600ಕ್ಕೇ ಬಂದು ನಿಂತಿತು. ಕಾರಣ ಹುಡುಕಲು ಒಂದು ಸಂಜೆ ಹಿಡಿಯಿತು. ರಜೆಗೆ ಮುಂಚಿನ ಮೂರು ತಿಂಗಳ 91 ದಿನಗಳಲ್ಲಿ 13 ಭಾನುವಾರ ಕಳೆದು 78 ದಿನ ದುಡಿದವಳ ಗಳಿಕೆ 46,800 ರೂಪಾಯಿ. ಅದನ್ನು ನಾನು 91ರಿಂದ ಭಾಗಿಸಿದ್ದೆ. ಕಾಯ್ದೆಯ ವಿವರಣೆ ಹೇಳುತ್ತಿದ್ದುದು ‘ಕೆಲಸ ಮಾಡಿದ ದಿನಗಳ’ ಸರಾಸರಿಯನ್ನು. 78ರಿಂದ ಭಾಗಿಸಿದರೆ ಮಾತ್ರ 600 ಬರುತ್ತದೆ. ಭಾಗಿಸುವಾಗ ಭಾನುವಾರ ಹೊರಗೆ, ಗುಣಿಸುವಾಗ ಒಳಗೆ: ಪರೀಕ್ಷೆಗೆ ನಾನು ನೆನಪಿಟ್ಟುಕೊಂಡಿರುವ ಸೂತ್ರ ಇಷ್ಟೇ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು ಈ ಕಾಯ್ದೆಯ ಜಾಗ ಪಡೆದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಸರಾಸರಿ ದಿನಗೂಲಿಯ ಈ ನಿಯಮ ಉಳಿದುಕೊಂಡಿದೆ.

ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ವ್ಯಾಪ್ತಿಯಲ್ಲಿ ಇಲ್ಲದವರಿಗೆ ಈ ಹಣವನ್ನು ಮಾಲೀಕರೇ ಭರಿಸಬೇಕು. ವೆಚ್ಚವನ್ನು ಒಬ್ಬ ಮಾಲೀಕನ ಮೇಲೆಯೇ ಹೊರಿಸದೆ ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಕೊಡಬೇಕೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 183ನೇ ಒಡಂಬಡಿಕೆಯ ನಿಲುವು; ಅದು ಕೇಳುವ ಕನಿಷ್ಠ ರಜೆ 14 ವಾರ. ರಜೆಯ ಅವಧಿಯಲ್ಲಿ ಅದನ್ನು ಮೀರಿದ ನಾವು ಹಣದ ಹೊಣೆಯಲ್ಲಿ ಹಿಂದುಳಿದಿದ್ದೇವೆ ಎಂಬುದು ನನ್ನ ಅಭಿಪ್ರಾಯ. ತಂದೆಯ ರಜೆಯ ಬಗ್ಗೆ 2017ರ ತಿದ್ದುಪಡಿಯಲ್ಲಿ ಒಂದು ಸಾಲೂ ಇಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ ಸಿಗುವ 15 ದಿನ ಸೇವಾ ನಿಯಮಗಳಿಂದ ಬಂದದ್ದು.