ಪಲ್ಸ್ ಕೊಡುವವರು ಯಾರು? ಮನೆ ವರ್ಕ್‌ಶಾಪಿನ ಸಿಎನ್‌ಸಿಗೆ ಸಾಫ್ಟ್‌ವೇರ್ ಆರಿಸುವ ಮುನ್ನ

ಅಡಿಕೆ ಸುಲಿಯುವ ಯಂತ್ರಕ್ಕೆ ತಾವೇ ಶಾಫ್ಟು, ಬುಷ್ಷು ಕಡೆದುಕೊಳ್ಳುವ ಶಿರಸಿಯವರಿರಲಿ, ಬೈತಖೋಲ ಬಂದರಿನ ದೋಣಿಗಳಿಗೆ ಚಿಲ್ಲರೆ ಭಾಗ ಮಾಡಿಕೊಡುವ ಕಾರವಾರದವರಿರಲಿ, ಸಣ್ಣ ಮಿಲ್ಲಿಂಗ್ ಮಶೀನನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಮಾಡಲೆಂದು ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಕೂರಿಸಲು ಹೊರಟರೆ ಕೇಳುವ ಮೊದಲ ಪ್ರಶ್ನೆ ಒಂದೇ: ‘ಕಂಪ್ಯೂಟರ್ ಎಷ್ಟು ಫಾಸ್ಟ್ ಇರಬೇಕು?’ ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಹೊಸ ಲ್ಯಾಪ್‌ಟಾಪಿನಲ್ಲಿ ಕೆಟ್ಟದಾಗಿ ಓಡುವ ಮಶೀನು, ಆಫೀಸಿನಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿ ಸೊಗಸಾಗಿ ಓಡಬಹುದು. ಕೇಳಬೇಕಾದದ್ದು, ಮೋಟರಿಗೆ ಪಲ್ಸ್ (‘ಒಂದು ಹೆಜ್ಜೆ ಇಡು’ ಎಂಬ ವಿದ್ಯುತ್ ಸಂಕೇತ) ಕೊಡುವವರು ಯಾರು ಎಂದು.

ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ಸ್ಟೆಪ್ಪರ್ ಮೋಟರಿಗೆ ಸುತ್ತಿಗೆ 200 ಹೆಜ್ಜೆ. ಮೋಟರಿಗೆ ಕರೆಂಟು ಕೊಡುವ ಡ್ರೈವರಿನಲ್ಲಿ ಹತ್ತು ಮೈಕ್ರೊಸ್ಟೆಪ್ ಇಟ್ಟರೆ, ಅಂದರೆ ಹೆಜ್ಜೆಯನ್ನು ಹತ್ತು ಭಾಗ ಮಾಡಿದರೆ, ಸುತ್ತಿಗೆ 2000 ಪಲ್ಸ್. ಟೇಬಲ್ ಸರಿಸುವ ಬಾಲ್‌ಸ್ಕ್ರೂವಿನ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 5 ಮಿ.ಮೀ. ಆದರೆ ಪ್ರತಿ ಮಿಲಿಮೀಟರಿಗೆ 400 ಪಲ್ಸ್. ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಟೇಬಲ್ ಓಡಬೇಕೆಂದರೆ ಸೆಕೆಂಡಿಗೆ 20,000 ಪಲ್ಸ್, ಅಂದರೆ ಪ್ರತಿ 50 ಮೈಕ್ರೊಸೆಕೆಂಡಿಗೆ ಒಂದು. ಒಂದು ಪಲ್ಸ್ 40 ಮೈಕ್ರೊಸೆಕೆಂಡ್ ತಡವಾಗಿ ಬಂದು ಮುಂದಿನದು ಹೊತ್ತಿಗೆ ಸರಿಯಾಗಿ ಬಂತು ಅನ್ನಿ. ನಡುವೆ ಉಳಿಯುವ ಅಂತರ ಹತ್ತೇ ಮೈಕ್ರೊಸೆಕೆಂಡ್. ಮೋಟರಿನ ಪಾಲಿಗೆ ಆ ಕ್ಷಣಕ್ಕೆ ಐದು ಪಟ್ಟು ವೇಗದ ಆಜ್ಞೆ! ಇಂಥವು ಮೇಲಿಂದ ಮೇಲೆ ಬಂದರೆ ಕಟಿಂಗ್ ಲೋಡಿನಲ್ಲಿರುವ ರೋಟರ್ (ಮೋಟರಿನ ತಿರುಗುವ ಭಾಗ) ಹಿಂದೆ ಬೀಳುತ್ತದೆ, ಹಿಡಿತ ತಪ್ಪುತ್ತದೆ. ಸಾಮಾನ್ಯ ಸ್ಟೆಪ್ಪರಿಗೆ ಎನ್‌ಕೋಡರ್ (ಎಷ್ಟು ತಿರುಗಿತೆಂದು ಹೇಳುವ ಸಾಧನ) ಇಲ್ಲದ ಕಾರಣ ಸಾಫ್ಟ್‌ವೇರಿಗೆ ಇದರ ಸುಳಿವೇ ಸಿಗುವುದಿಲ್ಲ.

ಯಕ್ಷಗಾನದಲ್ಲಿ ಮದ್ದಳೆಗಾರ ಎಷ್ಟು ಚುರುಕಾಗಿ ಬಾರಿಸಬಲ್ಲ ಎಂಬುದಕ್ಕಿಂತ ಪೆಟ್ಟು ತಾಳದ ಮೇಲೆ ಬೀಳುತ್ತದೆಯೇ ಎಂಬುದು ದೊಡ್ಡದು. ಅದು ತಪ್ಪಿದರೆ ವೇಷಧಾರಿಯ ಹೆಜ್ಜೆಯೂ ತಪ್ಪುತ್ತದೆ. ಇಲ್ಲೂ ಹಾಗೆಯೇ. ಸರಾಸರಿ ವೇಗದಿಂದ ಏನೂ ತಿಳಿಯದು, ಅತಿ ಕೆಟ್ಟ ಗಳಿಗೆಯಲ್ಲಿ ಎಷ್ಟು ತಡವಾಯಿತು ಎಂಬುದೇ ಲೆಕ್ಕ. ರಿಯಲ್‌ಟೈಮ್ ಅನ್ನುವುದು ಇದಕ್ಕೇ.

1952ರಲ್ಲಿ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಮೊದಲ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರ ತೋರಿಸಿದಾಗ ಅದಕ್ಕೆ ಆಜ್ಞೆ ಹೋಗುತ್ತಿದ್ದದ್ದು ತೂತು ಹೊಡೆದ ಟೇಪಿನಿಂದ. 1990ರ ದಶಕದಲ್ಲಿ ಅಲ್ಲಿನ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್, ಮಾಮೂಲಿ ಪಿಸಿಯಿಂದಲೇ ಯಂತ್ರ ನಡೆಸುವ ಇಎಂಸಿ ಎಂಬ ತಂತ್ರಾಂಶ ಬರೆಯಿತು. ಸರ್ಕಾರದ ಕೆಲಸವಾದ್ದರಿಂದ ಅದಕ್ಕೆ ಕಾಪಿರೈಟ್ ಇರಲಿಲ್ಲ, ಆಸಕ್ತರು ಎತ್ತಿಕೊಂಡು ಬೆಳೆಸಿದರು. ಇಂದಿನ ಲಿನಕ್ಸ್‌ಸಿಎನ್‌ಸಿ ಅದರದೇ ಸಂತಾನ. ಇಷ್ಟು ಗಟ್ಟಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಿರುವುದು ನಮ್ಮ ಭಾಗ್ಯ ಎಂದೇ ಹೇಳಬೇಕು.

ಲಿನಕ್ಸ್‌ಸಿಎನ್‌ಸಿಯಲ್ಲಿ ಪಿಸಿಯೇ ಪ್ಯಾರಲಲ್ ಪೋರ್ಟಿನಿಂದ (ಹಳೆಯ ಪ್ರಿಂಟರ್ ಸಾಕೆಟ್ಟಿನಿಂದ) ಪಲ್ಸ್ ಕೊಡಬಹುದು. ಅದಕ್ಕೆ ಆ ಪಿಸಿ ತಕ್ಕದ್ದೇ ಎಂದು ನೋಡಲು ಜೊತೆಯಲ್ಲೇ ಲೇಟೆನ್ಸಿ ಟೆಸ್ಟ್ (ತಡ ಅಳೆಯುವ ಪರೀಕ್ಷೆ) ಬರುತ್ತದೆ. ಸುಮ್ಮನೆ ಎರಡು ನಿಮಿಷ ಓಡಿಸಿದರೆ ಪ್ರಯೋಜನವಿಲ್ಲ. ವಿಡಿಯೊ ಹಾಕಿ, ದೊಡ್ಡ ಫೈಲ್ ಕಾಪಿ ಮಾಡುತ್ತ, ಕಿಟಕಿಗಳನ್ನು ಎಳೆದಾಡುತ್ತ ಗಂಟೆಗಟ್ಟಲೆ ಬಿಡಿ. ಗರಿಷ್ಠ ಅಂಕಿ 20,000 ನ್ಯಾನೊಸೆಕೆಂಡಿನ (20 ಮೈಕ್ರೊಸೆಕೆಂಡಿನ) ಒಳಗಿದ್ದರೆ ಬಹಳ ಒಳ್ಳೆಯದು. 50,000 ಆದರೆ ವೇಗ ತಗ್ಗಿಸಿ ಬಾಳಬಹುದು. ಲಕ್ಷ ದಾಟಿತೋ, ಆ ಪಿಸಿಯಿಂದ ನೇರ ಪಲ್ಸ್ ಬೇಡ. ಕೈಬಿಡುವ ಮುನ್ನ ಬಯೋಸ್‌ನಲ್ಲಿ (ಪಿಸಿ ಶುರುವಾಗುವಾಗಿನ ಸೆಟ್ಟಿಂಗಿನಲ್ಲಿ) ಹೈಪರ್‌ಥ್ರೆಡಿಂಗ್, ಸಿ-ಸ್ಟೇಟ್ ಹಾಗೂ ವಿದ್ಯುತ್ ಉಳಿತಾಯದ ಆಯ್ಕೆಗಳನ್ನು ಆಫ್ ಮಾಡಿ ಇನ್ನೊಮ್ಮೆ ನೋಡಿ. ಲ್ಯಾಪ್‌ಟಾಪುಗಳು ಸೋಲುವುದು ಹೆಚ್ಚಾಗಿ ಈ ಉಳಿತಾಯದ ಆಟದಲ್ಲೇ. ಮೆಸಾ ಕಂಪನಿಯದಂಥ ಎಫ್‌ಪಿಜಿಎ ಕಾರ್ಡ್ (ಪಲ್ಸ್ ಕೆಲಸಕ್ಕೆ ತನ್ನದೇ ಚಿಪ್ಪಿರುವ ಕಾರ್ಡ್) ಹಾಕಿದರೆ ಪಲ್ಸ್ ಹುಟ್ಟುವುದು ಕಾರ್ಡಿನಲ್ಲಿ. ಪಿಸಿ ಮಿಲಿಸೆಕೆಂಡಿಗೊಮ್ಮೆ ಸೂಚನೆ ಕೊಟ್ಟರೆ ಸಾಕು, 100 ಮೈಕ್ರೊಸೆಕೆಂಡ್ ತಡವೂ ನಡೆಯುತ್ತದೆ.

2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಸಾಫ್ಟ್‌ವೇರಿನ ದಾರಿ ಬೇರೆ. ಅದರಲ್ಲಿ ಪಲ್ಸ್ ಕೊಡುವುದು ಅರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡಿನ 16 ಮೆಗಾಹರ್ಟ್ಸ್ ಚಿಪ್ಪು, ಪಿಸಿ ಬರೀ ಜಿ-ಕೋಡ್ (ಯಂತ್ರಕ್ಕೆ ಕೊಡುವ ಆಜ್ಞೆಗಳ) ಸಾಲು ಕಳಿಸುತ್ತದೆ. ಅದರ ಮಿತಿ ಸೆಕೆಂಡಿಗೆ ಸುಮಾರು 30,000 ಪಲ್ಸ್, ಮೇಲಿನ ಲೆಕ್ಕಕ್ಕೆ ಸಾಕು. ಆದರೆ ನುಣುಪಿನ ಆಸೆಗೆ ಮೈಕ್ರೊಸ್ಟೆಪ್ 32ಕ್ಕೆ ಏರಿಸಿದರೆ ಅದೇ ವೇಗಕ್ಕೆ 64,000 ಬೇಕು, ಊನೊ ಕೈಚೆಲ್ಲುತ್ತದೆ. ಆಗ ಇಎಸ್‌ಪಿ32 ಚಿಪ್ಪಿನಲ್ಲಿ ಓಡುವ ಫ್ಲೂಯಿಡ್‌ಎನ್‌ಸಿ ಸಾಫ್ಟ್‌ವೇರ್ ನೋಡಿ. ವಿಂಡೋಸಿನ ಮ್ಯಾಕ್3 ಸಾಫ್ಟ್‌ವೇರಿನ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ಅದರ ಪ್ಯಾರಲಲ್ ಪೋರ್ಟ್ ಡ್ರೈವರ್ ತಂತ್ರಾಂಶ 64 ಬಿಟ್ ವಿಂಡೋಸಿನಲ್ಲಿ ಓಡುವುದಿಲ್ಲ, ಹೊಸದಾಗಿ ಶುರು ಮಾಡುವವರಿಗೆ ಬೇಡ.

ಲೇತಿಗಾದರೆ ಯೋಚನೆಯೇ ಬೇಡ, ಲಿನಕ್ಸ್‌ಸಿಎನ್‌ಸಿ. ಥ್ರೆಡ್ ಹಾಕುವಾಗ ಪ್ರತಿ ಪಾಸಿನಲ್ಲೂ ಟೂಲು ಸ್ಪಿಂಡಲಿನ ಅದೇ ಕೋನದಲ್ಲಿ ಒಳಹೋಗಬೇಕು. ಸ್ಪಿಂಡಲಿಗೆ ಇಂಡೆಕ್ಸ್ (ಸುತ್ತಿಗೊಂದು ಗುರುತು) ಇರುವ ಎನ್‌ಕೋಡರ್ ಕೂರಿಸಿ ಥ್ರೆಡ್ ಹಾಕುವ ಜಿ76 ಆಜ್ಞೆ ಕೊಟ್ಟರೆ ಅದು ಇದನ್ನು ನೋಡಿಕೊಳ್ಳುತ್ತದೆ. ಮೂಲ ಜಿಆರ್‌ಬಿಎಲ್‌ನಲ್ಲಿ ಈ ಸೌಲಭ್ಯವಿಲ್ಲ.

ಕರಾವಳಿಯ ಉಪ್ಪುಗಾಳಿಗೆ, ಟೇಬಲ್ ಕೊನೆ ಮುಟ್ಟಿದಾಗ ಒತ್ತಿಕೊಳ್ಳುವ ಲಿಮಿಟ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕಿಲುಬುಗಟ್ಟುತ್ತದೆ. ಆದ್ದರಿಂದ ಸ್ವಿಚ್ಚನ್ನು ನಾರ್ಮಲಿ ಕ್ಲೋಸ್ಡ್ (ಒತ್ತದಿದ್ದಾಗ ಕರೆಂಟು ಹರಿಯುತ್ತಿರುವಂತೆ) ಆಗಿಯೇ ಜೋಡಿಸಿ. ಕಾಂಟ್ಯಾಕ್ಟ್ ಕೆಟ್ಟ ದಿನ ಮಶೀನು ನಿಂತುಬಿಡುತ್ತದೆ. ನಾರ್ಮಲಿ ಓಪನ್ ಇಟ್ಟರೆ ಟೇಬಲ್ ಹೋಗಿ ಬಡಿಯುವವರೆಗೂ ಗೊತ್ತಾಗದು. ಮಳೆಗಾಲದಲ್ಲಿ ಇನ್ನೊಂದು ಕುತ್ತು: ಯುಪಿಎಸ್ ಬರೀ ಕಂಪ್ಯೂಟರಿಗೆ ಕೊಟ್ಟಿದ್ದು ಕರೆಂಟು ಹೋದರೆ, ಮೋಟರು ನಿಂತರೂ ಪರದೆಯಲ್ಲಿ ಅಂಕಿ ಓಡುತ್ತಲೇ ಇರುತ್ತದೆ. ಡ್ರೈವರಿನ ಸಪ್ಲೈಗೆ ಒಂದು ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಎಮರ್ಜೆನ್ಸಿ ಸ್ಟಾಪ್ ಇನ್‌ಪುಟ್ಟಿಗೆ ತನ್ನಿ. ಕರೆಂಟು ಬಂದ ಮೇಲೆ ಹೋಮಿಂಗ್ (ಟೇಬಲನ್ನು ಮೂಲ ಸ್ಥಾನಕ್ಕೆ ತಂದು ಅಂಕಿ ಸರಿಮಾಡುವುದು) ಮಾಡದೆ ಕೆಲಸ ಮುಂದುವರಿಸಬೇಡಿ. ಇನ್ನು ಎಮರ್ಜೆನ್ಸಿ ಸ್ಟಾಪಿನ ಕೆಂಪು ಬಟನ್ನು ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಮೂಲಕ ಡ್ರೈವರ್ ಮತ್ತು ಸ್ಪಿಂಡಲಿನ ಕರೆಂಟನ್ನೇ ಕಡಿಯಬೇಕು. ಕೈಕಾಲಿನ ಸುರಕ್ಷತೆಯನ್ನು ಸಾಫ್ಟ್‌ವೇರಿಗೆ ಒಪ್ಪಿಸಬಾರದು.

ಎಲ್ಲ ಜೋಡಿಸಿದ ಮೇಲೆ, ಲೋಹಕ್ಕೆ ಕೈ ಹಚ್ಚುವ ಮೊದಲು ಟೇಬಲಿಗೆ ಡಯಲ್ ಗೇಜ್ ತಾಗಿಸಿ ಸೊನ್ನೆ ಮಾಡಿ. ಟೇಬಲನ್ನು ಪೂರ್ತಿ ವೇಗದಲ್ಲಿ 200 ಸಲ ಹೋಗಿ ಬರುವಂತೆ ಮಾಡಿ, ಪ್ರತಿ ಸಲವೂ ಒಂದೇ ದಿಕ್ಕಿನಿಂದ ಬಂದು ನಿಲ್ಲಲಿ. ಡಯಲ್ 0.1 ಮಿ.ಮೀ. ಅಥವಾ ಅದರ ಗುಣಕದಲ್ಲಿ ತಪ್ಪಿದರೆ ರೋಟರ್ ಜಾರಿದೆ: ಇಂಥ ಮೋಟರ್ ಜಾರುವುದು ನಾಲ್ಕು ಪೂರ್ಣ ಹೆಜ್ಜೆಗಳ ಲೆಕ್ಕದಲ್ಲಿ, 5 ಮಿ.ಮೀ. ಸ್ಕ್ರೂನಲ್ಲಿ ಅದು ಸರಿಯಾಗಿ 0.1. ಆಕ್ಸಲರೇಶನ್ ತಗ್ಗಿಸಿ. ಬದಲಿಗೆ ಓಡಿಸಿದಷ್ಟೂ ಒಂದೇ ಕಡೆಗೆ, ಪ್ರತಿ ಸಲಕ್ಕೆ 0.005ರಂತೆ ಸರಿದು ಕೊನೆಗೆ ಒಂದು ಮಿಲಿಮೀಟರ್ ಆದರೆ ಮೋಟರಿನದು ತಪ್ಪಿಲ್ಲ. ದಿಕ್ಕು ಬದಲಾಗುವ ಸಿಗ್ನಲ್ಲು ಡ್ರೈವರಿನ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ದಾಟುವ ಮೊದಲೇ ಪಲ್ಸ್ ಬರುತ್ತಿದೆ, ಮೊದಲ ಹೆಜ್ಜೆ ಹಳೆಯ ದಿಕ್ಕಿಗೇ ಬೀಳುತ್ತಿದೆ. ಆಪ್ಟೊಕಪ್ಲರ್ ಆನ್ ಆಗುವ, ಆಫ್ ಆಗುವ ವೇಗ ಬೇರೆ ಬೇರೆ, ಹಾಗಾಗಿ ಒಂದು ತಿರುವಿನಲ್ಲಿ ಮಾತ್ರ ತಪ್ಪಿ ಎರಡು ಪಲ್ಸಿನ ವ್ಯತ್ಯಾಸ ಉಳಿಯುತ್ತದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಡೈರೆಕ್ಷನ್ ಸೆಟಪ್ ಸಮಯವನ್ನು (ದಿಕ್ಕಿನ ಸಿಗ್ನಲ್ಲಿಗೂ ಪಲ್ಸಿಗೂ ನಡುವಿನ ಅಂತರವನ್ನು) 20,000 ನ್ಯಾನೊಸೆಕೆಂಡಿಗೆ ಏರಿಸಿ ಅದೇ ಓಟ ಮತ್ತೆ ಓಡಿಸಿ.